ಹಳೆಯ ಕಿಟ್, ಕೊಡಗಿನ ಮಳೆ: ಪ್ಲಾಸ್ಟಿಕ್ ಮಾದರಿ ವಿಮಾನ ಕಟ್ಟುವ ಬಗೆ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಈ ಡಬ್ಬಿಯಿಂದಲೇ ಶುರು ಮಾಡೋಣ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯವರ ಹಾಕರ್ ಹಂಟರ್ ಯುದ್ಧವಿಮಾನದ ಕಿಟ್, 1:72 ಅಳತೆ. ರಟ್ಟು ಮೆತ್ತಗಾಗಿದೆ, ಸೂಚನೆಯ ಹಾಳೆ ಮಡಿಕೆಯಲ್ಲಿ ಹರಿಯುವ ಹಾಗಿದೆ, ವಿಮಾನದ ಮೈಗೆ ಅಂಟಿಸುವ ಗುರುತುಗಳ ಹಾಳೆ, ಅಂದರೆ ಡೆಕಾಲ್ ಹಾಳೆ, ಹಳದಿಗಟ್ಟಿದೆ. ಆದರೆ ಪ್ಲಾಸ್ಟಿಕ್‌ಗೆ ಏನೂ ಆಗಿಲ್ಲ. ಪಾಲಿಸ್ಟೈರೀನ್ ಬಿಸಿಲಿಗೆ ಬೀಳದಿದ್ದರೆ ಐವತ್ತು ವರ್ಷ ಆದರೂ ಕೆಲಸಕ್ಕೆ ಬರುತ್ತದೆ. ಕೊಡಗಿನ ಮನೆಗಳಲ್ಲಿ ಇಂಥ ಡಬ್ಬಿಯನ್ನು ಮೊದಲು ಹಾಳು ಮಾಡುವುದು ವಯಸ್ಸಲ್ಲ, ತೇವ. ಇವತ್ತು ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ.

1:72 ಎಂದರೆ ನಿಜ ವಿಮಾನದ ಆರು ಅಡಿ ಮಾದರಿಯಲ್ಲಿ ಒಂದು ಅಂಗುಲ. ಇಂಗ್ಲೆಂಡಿನ ಫ್ರಾಗ್ ಕಂಪನಿ 1936ರಲ್ಲಿ ಪೆಂಗ್ವಿನ್ ಹೆಸರಿನ ಕಿಟ್‌ಗಳನ್ನು ಇದೇ ಅಳತೆಯಲ್ಲಿ ತಂದಿತು. ಅವು ಸೆಲ್ಯುಲೋಸ್ ಅಸಿಟೇಟ್‌ನವು. ಆ ಪ್ಲಾಸ್ಟಿಕ್ ಕಾಲ ಕಳೆದಂತೆ ಸೊಟ್ಟಗಾಗುತ್ತದೆ. ನಿಮಗೆ ಅಂಥದ್ದು ಸಿಕ್ಕರೆ ಹಾಗೇ ಇಟ್ಟುಕೊಳ್ಳಿ, ಕಟ್ಟಲು ಹೋಗಬೇಡಿ. ಏರ್‌ಫಿಕ್ಸ್‌ನ ಮೊದಲ ಸ್ಪಿಟ್‌ಫೈರ್ 1953ರದು. ಅಲ್ಲಿಂದ ಮುಂದಿನವೆಲ್ಲ ಪಾಲಿಸ್ಟೈರೀನ್, ಅವನ್ನು ಧೈರ್ಯವಾಗಿ ಕಟ್ಟಬಹುದು. ಫ್ರಾಗ್ ಎಪ್ಪತ್ತರ ದಶಕದಲ್ಲಿ ನಿಂತುಹೋಯಿತು. ಅದರ ಅಚ್ಚುಗಳಲ್ಲಿ ಬಹಳಷ್ಟು ಸೋವಿಯತ್ ಒಕ್ಕೂಟಕ್ಕೆ ಹೋದವು, ಅವುಗಳಿಂದ ಬಂದ ಕಿಟ್‌ಗಳು ನೊವೊ ಹೆಸರಿನಲ್ಲಿ ಮಾರಾಟವಾದವು. ಹಾಗಾಗಿ ನೊವೊ ಡಬ್ಬಿಯೊಳಗೆ ಫ್ರಾಗ್ ವಿಮಾನ ಇದ್ದರೆ ಗಾಬರಿ ಬೇಡ.

ಹಂಟರ್ ಯಾಕೆ ಆರಿಸಿದ್ದು ಎಂಬುದು ಈ ಊರಿನಲ್ಲಿ ಹೇಳಬೇಕಾಗಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ. ಸಿ. ಕಾರ್ಯಪ್ಪನವರು 1965ರ ಸೆಪ್ಟೆಂಬರ್ 22ರಂದು ಹಾರಿಸುತ್ತಿದ್ದದ್ದು ಹಂಟರ್. ಅದು ಹೊಡೆತಕ್ಕೆ ಸಿಕ್ಕಿ ಅವರು ಯುದ್ಧಕೈದಿಯಾದರು. ಅದಕ್ಕೂ ಎರಡು ವಾರ ಮೊದಲು, 7ನೇ ತಾರೀಕು, ಅಜ್ಜಮಾಡ ಬೋಪಯ್ಯ ದೇವಯ್ಯನವರು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಿಸ್ಟೇರ್ ವಿಮಾನದಿಂದ, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್‌ಗೆ ಎದುರು ನಿಂತರು, ಮರಳಿ ಬರಲಿಲ್ಲ. ಮಹಾವೀರ ಚಕ್ರ ಅವರ ಹೆಸರಿಗೆ ಬಂದದ್ದು 1988ರಲ್ಲಿ. ಮಾದರಿ ಕಟ್ಟುವವರು ಇವರ ವಿಮಾನಗಳನ್ನು ಕಟ್ಟಬೇಕು, ಸರಿಯಾಗಿ ಕಟ್ಟಬೇಕು.

ಸರಿಯಾಗಿ ಎಂದರೆ ಏನು ಅಂತ ಒಂದು ಉದಾಹರಣೆ. ಏರ್‌ಫಿಕ್ಸ್‌ನ ಹಳೆಯ ನ್ಯಾಟ್ ಕಿಟ್ ಎರಡು ಸೀಟಿನ ತರಬೇತಿ ವಿಮಾನದ್ದು. ನಮ್ಮ ವಾಯುಪಡೆ 1965ರಲ್ಲಿ ಯುದ್ಧಕ್ಕೆ ಇಳಿಸಿದ್ದು ಒಂದೇ ಸೀಟಿನ, ಅದಕ್ಕಿಂತ ಚಿಕ್ಕ ನ್ಯಾಟ್. ಆ ಕಿಟ್‌ಗೆ ಭಾರತದ ಗುರುತು ಬಳಿದರೆ ತಪ್ಪು ವಿಮಾನಕ್ಕೆ ಸರಿಯಾದ ಬಣ್ಣ ಹಚ್ಚಿದ ಹಾಗೆ. ಹಂಟರ್‌ನಲ್ಲಿ ಈ ತೊಂದರೆ ಕಡಿಮೆ. ಕಿಟ್ ಎಫ್-6, ನಮ್ಮದು ಎಫ್-56, ಅಂದರೆ ಎಫ್-6ರದೇ ಭಾರತದ ರೂಪ. ಮುಖ್ಯ ಬದಲಾವಣೆ ಒಂದು: ನಮ್ಮದಕ್ಕೆ ಬ್ರೇಕ್ ಪ್ಯಾರಾಚೂಟ್ ಇತ್ತು. ಹಿಂದೆ ಜೆಟ್ ನಳಿಕೆಯ ಮೇಲ್ಭಾಗದಲ್ಲಿ ಅದಕ್ಕೆಂದು ಒಂದು ಸಣ್ಣ ಉಬ್ಬು ಕಾಣುತ್ತದೆ. ಬಿಡಿಭಾಗಗಳು ಅಂಟಿಕೊಂಡು ಬರುವ ಸ್ಪ್ರೂ ಕಡ್ಡಿಯ ತುಂಡೊಂದನ್ನು ಉದ್ದಕ್ಕೆ ಸೀಳಿ, ಒಂದು ಕೊನೆಯನ್ನು ಮೊನಚು ಮಾಡಿ ಅಂಟಿಸಿ, ಅರ ಹಾಕಿ ಫೋಟೋಕ್ಕೆ ಹೋಲಿಸುತ್ತ ನಯ ಮಾಡಿ. ಅರ್ಧ ಗಂಟೆಯ ಕೆಲಸ.

ಈಗ ಕೆಲಸಕ್ಕೆ ಬರೋಣ. ಮೊದಲು ತೊಳೆಯುವುದು. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆಯ ಅಂಶ ಭಾಗಗಳ ಮೇಲೆ ಉಳಿದಿರುತ್ತದೆ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ, ಹಳೆಯ ಹಲ್ಲುಜ್ಜುವ ಬ್ರಷ್. ಕುದಿ ನೀರು ಬೇಡ, ರೆಕ್ಕೆ ತಿರುಚಿಕೊಳ್ಳುತ್ತದೆ. ಸಿಂಕ್‌ನಲ್ಲಿ ಜರಡಿ ಇಟ್ಟು ತೊಳೆಯಿರಿ, ಕಡ್ಡಿಯಿಂದ ಬಿಟ್ಟ ಸಣ್ಣ ಭಾಗ ಚರಂಡಿ ಸೇರಿದರೆ ಹಳೆಯ ಕಿಟ್‌ಗೆ ಬದಲಿ ಸಿಗುವುದಿಲ್ಲ.

ಭಾಗಗಳನ್ನು ಕೈಯಿಂದ ತಿರುಚಿ ಮುರಿಯಬೇಡಿ. ಸೈಡ್ ಕಟರ್‌ನಿಂದ ಒಂದು ಮಿಲಿಮೀಟರ್ ಉಳಿಸಿ ಕತ್ತರಿಸಿ, ಆ ಮೇಲೆ ಬ್ಲೇಡು, ಆ ಮೇಲೆ ಅರ. ಹಳೆಯ ಅಚ್ಚು ಸವೆದಿರುತ್ತದೆ, ಎರಡು ಅರ್ಧಗಳು ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ಪ್ಲಾಸ್ಟಿಕ್ ನುಗ್ಗಿ ಅಂಚಿನಲ್ಲಿ ತೆಳ್ಳಗಿನ ಪೊರೆ ನಿಂತಿರುತ್ತದೆ. ಫ್ಲ್ಯಾಷ್ ಅಂತಾರೆ ಅದಕ್ಕೆ. ಬ್ಲೇಡನ್ನು ಲಂಬವಾಗಿ ಹಿಡಿದು ಕೆರೆದರೆ ಹೋಗುತ್ತದೆ. ಚಕ್ರದ ಕಾಲು, ಪಿಟೋ ನಳಿಕೆಯಂಥ ಸಣ್ಣ ಭಾಗಗಳಲ್ಲಿ ಪೊರೆ ಯಾವುದು, ಭಾಗ ಯಾವುದು ಅಂತ ಬೆಳಕಿಗೆ ಹಿಡಿದು ನೋಡಿಯೇ ಕೆರೆಯಿರಿ.

ಅಂಟು ಹಾಕುವ ಮೊದಲು ಇಡೀ ವಿಮಾನವನ್ನು ಮಾಸ್ಕಿಂಗ್ ಟೇಪಿನಲ್ಲಿ ಒಮ್ಮೆ ಜೋಡಿಸಿ. ಎಲ್ಲಿ ಸಂದು ಬಿಡುತ್ತದೆ ಎಂದು ಆಗಲೇ ಗೊತ್ತಾಗುತ್ತದೆ. ಹೆಚ್ಚಾಗಿ ರೆಕ್ಕೆ ಒಡಲಿಗೆ ಸೇರುವ ಕಡೆ, ಮತ್ತೆ ಹೊಟ್ಟೆಯ ಕೆಳಗೆ. ಪುಟ್ಟಿ ತುಂಬುವುದಕ್ಕಿಂತ ಒಳಗಿನ ಗೂಟಗಳನ್ನು ಕತ್ತರಿಸಿ ಹೊಂದಿಸುವುದು ಮೇಲು. ಹಳೆಯ ಕಿಟ್‌ಗಳಲ್ಲಿ ಗೂಟವೂ ತೂತವೂ ಒಂದಕ್ಕೊಂದು ಎದುರಿಗೆ ಬರುವುದೇ ಅಪರೂಪ. ಅವನ್ನು ನಂಬಿದರೆ ಒಡಲಿನ ಎರಡು ಅರ್ಧ ಹಿಂದೆ ಮುಂದೆ ಆಗುತ್ತವೆ.

ಈ ಹಂತದಲ್ಲೇ ಮೂತಿಗೆ ಭಾರ. ಹಂಟರ್‌ಗೆ ಮೂತಿಯ ಕೆಳಗೆ ಒಂದು ಚಕ್ರ, ರೆಕ್ಕೆಯಲ್ಲಿ ಎರಡು. ಭಾರ ಹಾಕದಿದ್ದರೆ ಬಾಲ ಊರಿಕೊಂಡು ಕೂರುತ್ತದೆ. ಟೇಪಿನಲ್ಲಿ ಜೋಡಿಸಿದ ವಿಮಾನವನ್ನು ಹಿಂದಿನ ಚಕ್ರಗಳು ಬರುವ ಜಾಗದಲ್ಲಿ ಎರಡು ಬೆರಳಿನ ಮೇಲೆ ಇಟ್ಟು, ಮೂತಿ ಕೆಳಗೆ ಬೀಳುವ ತನಕ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಮೂತಿಗೆ ಅಂಟಿಸುತ್ತ ಹೋಗಿ, ಬಿದ್ದ ಮೇಲೆ ಇನ್ನೊಂದು ಸೇರಿಸಿ. ಈ ಗುಂಡುಗಳನ್ನು ಒಳಗೆ ಕೂರಿಸಲು ಮರಗೆಲಸದ ಬಿಳಿ ಅಂಟು ಬಳಸಲೇಬೇಡಿ. ಅದರಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ತಿನ್ನುತ್ತದೆ, ಬಿಳಿ ಪುಡಿಯಾಗಿ ಉಬ್ಬುತ್ತದೆ. ಎರಡು ಮೂರು ವರ್ಷದ ನಂತರ, ಬಣ್ಣ ಎಲ್ಲ ಮುಗಿದು ಕಪಾಟಿನಲ್ಲಿ ನಿಂತಿರುವಾಗ, ಮೂತಿ ಜೋಡಣೆಯಲ್ಲಿ ಬಿರಿಯುತ್ತದೆ. ಎರಡು ಟ್ಯೂಬಿನ ಎಪಾಕ್ಸಿ ಅಂಟು ಸಾಕು. ಸೀಸ ಮುಟ್ಟಿದ ಕೈ ತೊಳೆದುಕೊಳ್ಳಿ. ಹಳೆಯ ಏರ್‌ಫಿಕ್ಸ್ ಡಬ್ಬಿಗಳಲ್ಲಿ ಪಾರದರ್ಶಕ ಸ್ಟ್ಯಾಂಡ್ ಬರುತ್ತಿತ್ತು. ಚಕ್ರ ಮಡಚಿ ಸ್ಟ್ಯಾಂಡಿನ ಮೇಲೆ ಹಾರಿಸುವವರಿಗೆ ಭಾರದ ಗೊಡವೆಯೇ ಇಲ್ಲ.

ಜೋಡಣೆಗೆ ತೆಳು ದ್ರವದ ಸಿಮೆಂಟ್. ಅದು ಅಂಟಲ್ಲ, ಪ್ಲಾಸ್ಟಿಕ್ ಕರಗಿಸಿ ಬೆಸೆಯುತ್ತದೆ. ಎರಡು ಅರ್ಧಗಳನ್ನು ಒತ್ತಿ ಹಿಡಿದು ಬ್ರಷ್‌ನ ತುದಿಯನ್ನು ಸಂದಿಗೆ ತಾಗಿಸಿದರೆ ತಾನೇ ಒಳಗೆ ಹರಿಯುತ್ತದೆ. ಬೆರಳು ಸಂದಿಯ ಮೇಲಿದ್ದರೆ ಬೆರಳಿನ ಕೆಳಗೂ ಹರಿದು ಗುರುತು ಮೂಡಿಸುತ್ತದೆ. ಒಂದು ದಿನ ಬಿಡಿ. ಮಳೆಗಾಲಕ್ಕೂ ಈ ಸಿಮೆಂಟಿಗೂ ಜಗಳವಿಲ್ಲ. ಸೂಪರ್ ಗ್ಲೂ ಹಾಗಲ್ಲ. ಅದು ಗಾಳಿಯ ತೇವದಿಂದಲೇ ಗಟ್ಟಿಯಾಗುವುದು. ಜುಲೈ ತಿಂಗಳಲ್ಲಿ ಇಲ್ಲಿ ಹೊಂದಿಸಿಕೊಳ್ಳಲು ಸಮಯವೇ ಕೊಡದೆ ಹಿಡಿದುಬಿಡುತ್ತದೆ, ಅದರ ಆವಿ ಪಾರದರ್ಶಕ ಭಾಗದ ಮೇಲೆ ಬೆಳ್ಳಗೆ ಮಂಜಾಗಿ ಕೂರುತ್ತದೆ. ಪೈಲಟ್ ಕೂರುವ ಕಡೆಯ ಗಾಜಿಗೆ, ಕ್ಯಾನೋಪಿಗೆ, ಅದನ್ನು ಹತ್ತಿರವೂ ತರಬೇಡಿ. ಅಲ್ಲಿ ಬಿಳಿ ಅಂಟು ಸರಿ.

ಇನ್ನೊಂದು ಮಾತು, ಇದರಲ್ಲಿ ಎಲ್ಲರೂ ಒಪ್ಪುವುದಿಲ್ಲ. ಹಳೆಯ ಕಿಟ್‌ಗಳ ಮೈಮೇಲೆ ತಗಡಿನ ಜೋಡಣೆಯ ಗೆರೆಗಳು ಉಬ್ಬಿರುತ್ತವೆ, ರಿವೆಟ್‌ಗಳೂ ಚುಕ್ಕೆ ಚುಕ್ಕೆಯಾಗಿ ಉಬ್ಬಿರುತ್ತವೆ. ಈಗಿನ ಕಿಟ್‌ಗಳಲ್ಲಿ ಗೆರೆ ತಗ್ಗಾಗಿರುತ್ತದೆ. ಅದಕ್ಕೇ ಅನೇಕರು ಉಬ್ಬು ಗೆರೆಗಳನ್ನೆಲ್ಲ ಉಜ್ಜಿ ತೆಗೆದು ಸೂಜಿಯಿಂದ ಹೊಸ ಗೆರೆ ಕೊರೆಯುತ್ತಾರೆ. ತಿಂಗಳುಗಟ್ಟಲೆ ಕೆಲಸ, ಕೊನೆಗೆ ಹೊಸ ಕಿಟ್‌ನ ಹಾಗೂ ಕಾಣುವುದಿಲ್ಲ, ಹಳೆಯದರ ಹಾಗೂ ಕಾಣುವುದಿಲ್ಲ. ಉಬ್ಬು ಗೆರೆ ಉಳಿಸಿಕೊಳ್ಳಿ. ಆ ಗೆರೆ ಆ ಕಾಲದ ಅಚ್ಚು ಕೆತ್ತಿದವರ ಕೈಗುರುತು. ಜೋಡಣೆಯ ಎರಡೂ ಕಡೆ ಟೇಪು ಅಂಟಿಸಿ ನಡುವೆ ಮಾತ್ರ ಪುಟ್ಟಿ ಹಚ್ಚಿ, ವಾಟರ್ ಪೇಪರ್ ಅನ್ನು ನೀರಿನಲ್ಲಿ ನೆನೆಸಿ ಉಜ್ಜಿ: 400ರಿಂದ ಶುರು, ಆ ಮೇಲೆ 600, 1000. ಆದರೂ ಒಂದೆರಡು ಕಡೆ ಗೆರೆ ಅಳಿಯುತ್ತದೆ. ಸ್ಪ್ರೂ ಕಡ್ಡಿಯನ್ನು ಮೇಣದಬತ್ತಿಯ ಮೇಲೆ, ಜ್ವಾಲೆಗೆ ತಾಗದ ಹಾಗೆ, ತಿರುಗಿಸುತ್ತ ಬಿಸಿ ಮಾಡಿ. ಹೊಳಪು ಬಂದು ಬಾಗತೊಡಗಿದಾಗ ಬೆಂಕಿಯಿಂದ ಹೊರಗೆ ತಂದು ನಿಧಾನವಾಗಿ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ. ಅದನ್ನು ಅಳಿದ ಗೆರೆಯ ಜಾಗದಲ್ಲಿಟ್ಟು ದ್ರವ ಸಿಮೆಂಟ್ ತಾಗಿಸಿ. ಒಣಗಿದ ಮೇಲೆ ಮೆಲ್ಲಗೆ ಒಮ್ಮೆ ಉಜ್ಜಿದರೆ ಉಳಿದ ಗೆರೆಗಳ ಜತೆ ಸೇರಿಹೋಗುತ್ತದೆ.

ಇಷ್ಟು ಕೆಲಸ ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಮನೆಯೊಳಗೆ ಕೂತು ಮಾಡಬಹುದು, ಮಾಡಬೇಕಾದ್ದೂ ಆಗಲೇ. ಬಣ್ಣ ಮಾತ್ರ ಆಗ ಬೇಡ. ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಬಿಡುವು ಕೊಡಲಿ, ನವೆಂಬರ್-ಡಿಸೆಂಬರ್‌ನ ಹುತ್ತರಿ ಹಬ್ಬದ ನಂತರವಾದರೆ ಇನ್ನೂ ಒಳ್ಳೆಯದು. ಕುಶಾಲನಗರದ ಕಡೆಯವರು ಸ್ವಲ್ಪ ಮೊದಲೇ ಶುರು ಮಾಡಬಹುದು, ಭಾಗಮಂಡಲ, ನಾಪೋಕ್ಲು ಕಡೆಯವರು ಕಾಯಲೇಬೇಕು. ಕಾರಣ ಇದು. ಲ್ಯಾಕರ್ ಅಥವಾ ಸ್ಪ್ರೇ ಕ್ಯಾನಿನ ಬಣ್ಣದಲ್ಲಿರುವ ಥಿನ್ನರ್ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಆ ಜಾಗ ತಣ್ಣಗಾಗುತ್ತದೆ, ಗಾಳಿಯಲ್ಲಿನ ತೇವ ಅಲ್ಲಿ ಇಬ್ಬನಿಯಾಗಿ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಕಡು ಹಸಿರು ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ತೇವಮಾಪಕ ಒಂದು ಇಟ್ಟುಕೊಳ್ಳಿ, ಶೇಕಡಾ 70ಕ್ಕಿಂತ ಮೇಲಿದ್ದರೆ ಸ್ಪ್ರೇ ಮುಟ್ಟಬೇಡಿ. ಏರ್‌ಬ್ರಷ್ ಇದ್ದವರು ಕಂಪ್ರೆಸರ್ ಪೈಪಿಗೆ ನೀರು ಹಿಡಿಯುವ ಬಟ್ಟಲು ಹಾಕಿಸಲೇಬೇಕು. ಇಲ್ಲದಿದ್ದರೆ ರೆಕ್ಕೆಯ ನಡುವೆ ಇದ್ದಕ್ಕಿದ್ದಂತೆ ಒಂದು ಹನಿ ನೀರು ಉಗುಳುತ್ತದೆ.

ಎನಾಮಲ್ ಬಣ್ಣಕ್ಕೆ ಈ ಬಿಳುಪಿನ ಭಯ ಕಡಿಮೆ, ಆದರೆ ಒಣಗುವುದು ನಿಧಾನ. ಕಣದಲ್ಲಿ ಚೆರಿ ಕಾಫಿ ಒಣಗಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಲಿನ ಸಿಪ್ಪೆ ಕಪ್ಪಾಗಿ ಒಣಗಿದ ಹಾಗೆ ಕಂಡರೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಒಳಗೆ ಬೀಜ ಗಲಗಲ ಅನ್ನದಿದ್ದರೆ ಒಣಗಿಲ್ಲ. ಎನಾಮಲ್‌ಗೂ ಅಂಥದೇ ಪರೀಕ್ಷೆ ಇದೆ, ಅದು ಮೂಗಿನದು. ಬೆರಳಿಗೆ ಅಂಟದಿದ್ದರೂ ಹತ್ತಿರ ಹಿಡಿದಾಗ ಟರ್ಪೆಂಟೈನ್ ವಾಸನೆ ಇದ್ದರೆ ಒಳಗೆ ಇನ್ನೂ ಹಸಿ. ಅದರ ಮೇಲೆ ಟೇಪು ಅಂಟಿಸಿದರೆ ಬಣ್ಣ ಟೇಪಿನ ಜತೆ ಎದ್ದು ಬರುತ್ತದೆ, ಎರಡನೇ ಪದರ ಹಚ್ಚಿದರೆ ಸುಕ್ಕುಗಟ್ಟುತ್ತದೆ. ಬೇಸಿಗೆಯಲ್ಲಿ ಎರಡು ದಿನಕ್ಕೆ ಆಗುವುದು ಮಳೆಗಾಲದಲ್ಲಿ ವಾರ ತೆಗೆದುಕೊಳ್ಳುತ್ತದೆ. ಅವಸರವಿದ್ದರೆ ದೊಡ್ಡ ರಟ್ಟಿನ ಡಬ್ಬಿಯಲ್ಲಿ ಮೇಲೆ ತೂತು ಕೊರೆದು, 40 ವ್ಯಾಟಿನ ಹಳೆಯ ಬಗೆಯ ಬಲ್ಬು ರಟ್ಟಿಗೆ ತಾಗದ ಹಾಗೆ ಹಾಕಿ, ಮಾದರಿಯನ್ನು ಒಂದು ಅಡಿ ದೂರ ಇಡಿ, ಹತ್ತಿರ ಇದ್ದು ನೋಡಿಕೊಳ್ಳಿ. ಎಲ್‌ಇಡಿ ಬಲ್ಬಿನಿಂದ ಆಗುವುದಿಲ್ಲ, ಬಿಸಿ ಸಾಲದು. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಬೇಡ, ಹೊಗೆಯ ಮಸಿ ಹಸಿ ಬಣ್ಣಕ್ಕೆ ಅಂಟಿ ಬಿಡುವುದಿಲ್ಲ.

ಹಂಟರ್‌ನ ಮೇಲ್ಮೈ ಬ್ರಿಟಿಷ್ ಮಾದರಿಯಲ್ಲೇ ಕಡು ಹಸಿರು ಮತ್ತು ಕಡು ಸಮುದ್ರಬೂದು, ಕೆಳಗೆ ಬೆಳ್ಳಿ. ಹಂಬ್ರೋಲ್ ಎನಾಮಲ್‌ನಲ್ಲಿ ಹಸಿರು 163, ಬೂದು 164, ಬೆಳ್ಳಿ 11. ಡಬ್ಬಿಯನ್ನು ಐದು ನಿಮಿಷ ಕಲಕಿ, ತಳದ ಗಸಿಯಲ್ಲೇ ಬಣ್ಣ ಇರುವುದು. ಬ್ರಷ್‌ನಲ್ಲಿ ಹಚ್ಚುವುದಾದರೆ ಹತ್ತು ಹನಿ ಬಣ್ಣಕ್ಕೆ ಎರಡು ಹನಿ ಥಿನ್ನರ್, ಏರ್‌ಬ್ರಷ್‌ಗೆ ಸರಿಸಮ, ಹಾಲಿನಷ್ಟು ತೆಳುವಾಗಿ, 15ರಿಂದ 20 ಪಿಎಸ್‌ಐ ಒತ್ತಡದಲ್ಲಿ. ಮೊದಲು ಬೂದು ಪ್ರೈಮರ್, ಅದರಲ್ಲಿ ಜೋಡಣೆಯ ತಪ್ಪೆಲ್ಲ ಎದ್ದು ಕಾಣುತ್ತದೆ, ತಿದ್ದಿಕೊಳ್ಳಿ. ನಂತರ ಬೆಳ್ಳಿ, ನಂತರ ಬೂದು, ಕೊನೆಗೆ ಹಸಿರು. ಬ್ರಷ್‌ನವರು ಗಾಳಿ ಹರಿಯುವ ದಿಕ್ಕಿಗೆ, ಮೂತಿಯಿಂದ ಬಾಲಕ್ಕೆ ಎಳೆಯಿರಿ. ಒಂದೇ ಸಲ ಮುಚ್ಚಲು ಹೋಗಬೇಡಿ, ದಪ್ಪ ಪದರದಲ್ಲಿ ಉಳಿಸಿಕೊಂಡ ಉಬ್ಬು ಗೆರೆಗಳು ಮುಳುಗುತ್ತವೆ.

ಡೆಕಾಲ್. ಹಳದಿಗಟ್ಟಿದ ಹಾಳೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿ ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿ. ಜನವರಿ, ಫೆಬ್ರವರಿ ತಿಂಗಳ ಬಿಸಿಲು ಎರಡು ಮೂರು ವಾರದಲ್ಲಿ ಹಳದಿಯನ್ನು ತೆಗೆಯುತ್ತದೆ. ಆ ಮೇಲೆ ಬೇಡದ ಒಂದು ಗುರುತನ್ನು ಕತ್ತರಿಸಿ ನೀರಿಗೆ ಹಾಕಿ ನೋಡಿ. ಚೂರುಚೂರಾದರೆ ಇಡೀ ಹಾಳೆಗೆ ಹೊಳಪಿನ ಅಕ್ರಿಲಿಕ್ ವಾರ್ನಿಷ್ ಎರಡು ಪದರ ಹಚ್ಚಿ, ಒಣಗಿಸಿ, ಪ್ರತಿ ಗುರುತನ್ನೂ ಅಂಚಿಗೆ ಸೇರಿಸಿ ಕತ್ತರಿಸಿ ಬಳಸಿ. ವಿಮಾನದ ಮೈಗೂ ಹೊಳಪಿನ ಪದರ ಬೇಕು, ಒರಟು ಮೈಯ ಮೇಲೆ ಡೆಕಾಲ್ ಕೆಳಗೆ ಗಾಳಿ ಉಳಿದು ಬೆಳ್ಳಿಯ ಹಾಗೆ ಮಿನುಗುತ್ತದೆ.

ಆದರೆ ಡಬ್ಬಿಯಲ್ಲಿರುವ ಗುರುತುಗಳು ಬೇರೆ ದೇಶದವು. ನಮ್ಮ ವೃತ್ತ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇದನ್ನು ಬಳಿದುಕೊಳ್ಳಬಹುದು. ನಿಜ ವಿಮಾನದಲ್ಲಿ 24 ಅಂಗುಲದ ವೃತ್ತವಿದ್ದರೆ ಮಾದರಿಯಲ್ಲಿ ಅದು ಒಂದು ಅಂಗುಲದ ಮೂರನೇ ಒಂದು ಪಾಲು, ಎಂಟೂವರೆ ಮಿಲಿಮೀಟರ್. ಕಂಪಾಸಿನ ಪೆನ್ಸಿಲ್ ತೆಗೆದು ಎರಡನೇ ಮುಳ್ಳು ಹಾಕಿ, ಮಾಸ್ಕಿಂಗ್ ಟೇಪಿನ ಮೇಲೆ ನಾಲ್ಕೈದು ಸುತ್ತು ಮೆಲ್ಲಗೆ ತಿರುಗಿಸಿದರೆ ವೃತ್ತ ಬಿಡುತ್ತದೆ. ಮೊದಲು ಇಡೀ ವೃತ್ತ ಬಿಳಿ ಬಳಿಯಿರಿ. ಕೇಸರಿಯನ್ನು ನೇರ ಕಡು ಹಸಿರಿನ ಮೇಲೆ ಹಚ್ಚಿದರೆ ಕಂದಾಗಿ ಕಾಣುತ್ತದೆ.

ಮುಗಿದ ಮೇಲೆ ಗಾಜಿನ ಕಪಾಟಿನಲ್ಲಿಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಎರಡು. ತಿಂಗಳಿಗೊಮ್ಮೆ ಅವನ್ನು ಬಿಸಿ ಮಾಡಿ ಒಣಗಿಸಿ. ಕಟ್ಟದೆ ಉಳಿದ ಡಬ್ಬಿಗಳಿಂದ ಡೆಕಾಲ್ ಮತ್ತು ಸೂಚನೆ ಹಾಳೆ ತೆಗೆದು ಬೇರೆ ಕವರಿನಲ್ಲಿಡಿ, ಬೂಷ್ಟು ಮೊದಲು ಹಿಡಿಯುವುದು ಅಂಟಿರುವ ಕಾಗದಕ್ಕೆ. ಟೈರು ಮೃದು ವಿನೈಲ್‌ನದಾದರೆ ಅದನ್ನೂ ಬೇರೆ ಚೀಲಕ್ಕೆ ಹಾಕಿ. ಅದರಿಂದ ಒಸರುವ ಎಣ್ಣೆಯಂಥ ಪದಾರ್ಥ ಪಾಲಿಸ್ಟೈರೀನ್ ಅನ್ನು ಕರಗಿಸುತ್ತದೆ. ಡಬ್ಬಿಯೊಳಗೆ ರೆಕ್ಕೆಗೆ ತಾಗಿಕೊಂಡಿದ್ದರೆ ರೆಕ್ಕೆಯ ಮೇಲೆ ಟೈರಿನ ಆಕಾರದ ಹಳ್ಳ ಬಿದ್ದಿರುತ್ತದೆ. ಈಗ ಮೇಜಿನ ಹತ್ತಿರ ಬನ್ನಿ, ಈ ಡಬ್ಬಿಯ ಭಾಗಗಳನ್ನು ತೊಳೆದು ಟೇಪಿನಲ್ಲಿ ಜೋಡಿಸಿ ನೋಡೋಣ.