ಮೂಗಿನೊಳಗಿನ ಬೂಷ್ಟು, ರಕ್ತದೊಳಗಿನ ಸಕ್ಕರೆ

ಕೇಳುಗರೆಲ್ಲರಿಗೂ ನಮಸ್ಕಾರ. ಕಿವಿ, ಮೂಗು, ಗಂಟಲಿನ ವೈದ್ಯನಾದ ನಾನು ಇಂದು ಮಾತನಾಡಬೇಕಾಗಿರುವುದು ಸೈನಸ್‌ಗಳಿಗೆ ತಗಲುವ ಶಿಲೀಂಧ್ರದ, ಅಂದರೆ ಬೂಷ್ಟಿನ, ಸೋಂಕಿನ ಕುರಿತು. ಅಡುಗೆಯ ಕೆಲಸದ ನಡುವೆ ರೇಡಿಯೊಗೆ ಕಿವಿಗೊಟ್ಟಿರುವ ತಾಯಂದಿರು, ಜಗಲಿಯಲ್ಲಿ ಕುಳಿತು ಕೇಳುತ್ತಿರುವ ಹಿರಿಯರು ಇದರಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಂಡರೂ ನನಗೆ ಸಂತೋಷ: ನಿಮ್ಮ ರಕ್ತದ ಸಕ್ಕರೆ ಎಷ್ಟಿದೆ ಎಂಬುದನ್ನು ತಿಳಿದುಕೊಂಡಿರಿ.

ಕೆನ್ನೆಯ ಹಿಂದೆ, ಹಣೆಯ ಒಳಗೆ, ಎರಡು ಕಣ್ಣುಗಳ ನಡುವೆ ಮೂಳೆಯಲ್ಲಿ ಗಾಳಿ ತುಂಬಿದ ಪೊಳ್ಳುಗಳಿವೆ, ಅವೇ ಸೈನಸ್‌ಗಳು. ಅವುಗಳಿಗೂ ಕಣ್ಣಿನ ಗೂಡಿಗೂ ನಡುವೆ ಇರುವ ಗೋಡೆ ಎಷ್ಟು ತೆಳುವೆಂದರೆ, ಅದರ ವೈದ್ಯಕೀಯ ಹೆಸರಿನ ಅರ್ಥವೇ ಕಾಗದದಂಥ ಹಾಳೆ ಎಂದು. ಇನ್ನು ಬೂಷ್ಟು ಎಲ್ಲಿಂದ ಬರುತ್ತದೆ ಎಂದು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗೊಬ್ಬರದ ಗುಂಡಿಯಲ್ಲಿ, ಕೊಳೆತ ಹಣ್ಣಿನಲ್ಲಿ, ಹಳಸಿದ ಬ್ರೆಡ್ಡಿನ ಮೇಲೆ ಬೆಳೆಯುವ ಅದರ ಬೀಜಕಣಗಳನ್ನು ನೀವೂ ನಾನೂ ದಿನನಿತ್ಯ ಉಸಿರಾಡುತ್ತಲೇ ಇದ್ದೇವೆ. ಆರೋಗ್ಯವಂತರ ದೇಹದಲ್ಲಿ ಬಿಳಿ ರಕ್ತಕಣಗಳು ಅವನ್ನು ಅಲ್ಲಿಯೇ ಮುಗಿಸಿಬಿಡುತ್ತವೆ. ಸಕ್ಕರೆ ಹತೋಟಿ ತಪ್ಪಿದವರಲ್ಲಿ ಈ ಕಾವಲು ಕುಗ್ಗುತ್ತದೆ. ಸಕ್ಕರೆ ಕಾಯಿಲೆ ಇನ್ನೂ ಕೆಟ್ಟು ರಕ್ತ ಆಮ್ಲೀಯವಾದರೆ, ಪ್ರೋಟೀನಿಗೆ ಅಂಟಿಕೊಂಡಿದ್ದ ಕಬ್ಬಿಣದ ಅಂಶ ಬಿಡುಗಡೆಯಾಗಿ ಬೂಷ್ಟಿಗೆ ಆಹಾರವಾಗುತ್ತದೆ.

ಒಬ್ಬ ರೋಗಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮಲೆನಾಡಿನ ಕಡೆಯ ಅಡಿಕೆ ಬೆಳೆಗಾರರು, ಐವತ್ತು ದಾಟಿದವರು. ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಾಲ್ಕು ತಿಂಗಳ ಹಿಂದೆಯೇ ನಿಲ್ಲಿಸಿ, ಯಾರೋ ಹೇಳಿದರೆಂದು ಬೆಳಗ್ಗೆ ಸೊಪ್ಪಿನ ರಸ ಕುಡಿಯುತ್ತಿದ್ದರು. ಒಂದು ದಿನ ಬಲಗಡೆಯ ಕೆನ್ನೆ ನೋಯತೊಡಗಿತು. ಹಲ್ಲುನೋವಿರಬೇಕೆಂದು ಲವಂಗ ಕಚ್ಚಿಕೊಂಡು ಎರಡು ದಿನ ಕಳೆದರು. ಮೂರನೆಯ ದಿನ ಗಡ್ಡ ಹೆರೆದುಕೊಳ್ಳುವಾಗ ಬ್ಲೇಡು ತಾಗಿ ಕೆನ್ನೆಯಿಂದ ರಕ್ತ ಇಳಿದು ಅಂಗಿಯ ಕಾಲರಿಗೆ ಹತ್ತಿದರೂ ಅವರಿಗೆ ಅರಿವೇ ಆಗಲಿಲ್ಲ. ನೋಡಿದ್ದು ಅವರ ಹೆಂಡತಿ. "ಇವರಿಗೆ ಗಾಯವಾದದ್ದೇ ಗೊತ್ತಾಗಲಿಲ್ಲ ಡಾಕ್ಟ್ರೇ, ಆಗಲೇ ನನಗೆ ಭಯವಾಯಿತು" ಎಂದು ಆಕೆ ನನ್ನ ಮುಂದೆ ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. ಆದರೆ ಆ ಭಯಕ್ಕೆ ಮನೆಯಲ್ಲಿ ಬೆಲೆ ಸಿಗಲಿಲ್ಲ. ಕೊಯ್ಲಿನ ಕಾಲ, ಆಳುಗಳು ಬಂದಿದ್ದಾರೆ, ಮುಗಿದ ಮೇಲೆ ನೋಡೋಣ ಎಂದರಂತೆ. ಆರನೆಯ ದಿನ ನನ್ನ ಬಳಿ ಬಂದಾಗ ಬಲಗಣ್ಣಿನ ರೆಪ್ಪೆ ಜೋತುಬಿದ್ದಿತ್ತು, ಅಂಗುಳಿನಲ್ಲಿ ಹುಣಸೆಬೀಜದಷ್ಟು ಕಪ್ಪು ಕಲೆಯಿತ್ತು, ಸಕ್ಕರೆ 480 ಇತ್ತು. ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆ ಮಾಡಿದೆವು. ಮೇಲ್ದವಡೆಯ ಒಂದು ಭಾಗವನ್ನೂ, ಎರಡು ದಿನಗಳ ನಂತರ ಆ ಕಣ್ಣನ್ನೂ ತೆಗೆಯಬೇಕಾಯಿತು. ಅವರು ಬದುಕಿದ್ದಾರೆ, ಅಂಗುಳಿನ ತೆರವನ್ನು ಮುಚ್ಚುವ ಕೃತಕ ತಟ್ಟೆ ಕಟ್ಟಿಸಿಕೊಂಡು ಊಟ ಮಾಡುತ್ತಾರೆ. ಆ ಕೆನ್ನೆ ಮರಗಟ್ಟಿದ ದಿನವೇ ಬಂದಿದ್ದರೆ ಕಣ್ಣು ಉಳಿಯಬಹುದಿತ್ತಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಕಪ್ಪು ಶಿಲೀಂಧ್ರ ಎಂದು ಜನ ಕರೆದದ್ದು ಇದನ್ನೇ. ಕಪ್ಪಾಗುವುದು ಬೂಷ್ಟಲ್ಲ, ಅದು ರಕ್ತನಾಳಗಳೊಳಗೆ ನುಗ್ಗಿ ಮುಚ್ಚಿದಾಗ ರಕ್ತವಿಲ್ಲದೆ ಸತ್ತ ನಮ್ಮದೇ ಮಾಂಸ. 2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಜುಲೈ ಮಧ್ಯದ ಹೊತ್ತಿಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾಗಿದ್ದವು. ಆಗ ಜನ ಈರುಳ್ಳಿ ಸಿಪ್ಪೆಯ ಮೇಲಿನ ಕಪ್ಪು ಪುಡಿಗೆ ಹೆದರಿ ಫ್ರಿಜ್ ತೊಳೆದರು. ಅದು ಬೇರೆಯೇ ಬೂಷ್ಟು. ಸೋಂಕು ತಗಲಿದವರಲ್ಲಿ ಬಹುಪಾಲು ಜನರಿಗೆ ಇದ್ದದ್ದು ಸಕ್ಕರೆ ಕಾಯಿಲೆ ಮತ್ತು ಕೋವಿಡ್‌ಗೆಂದು ತೆಗೆದುಕೊಂಡ ಸ್ಟೀರಾಯ್ಡ್. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ಕಾವಲನ್ನೂ ಮಲಗಿಸುತ್ತದೆ. ಫ್ರಿಜ್ ತೊಳೆಯುವ ಬದಲು ಸಕ್ಕರೆ ಪರೀಕ್ಷಿಸಿಕೊಳ್ಳಿ ಎಂದು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಈ ರೋಗ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ, ರೋಗಿಯನ್ನು ದೂರವಿಡಬೇಡಿ.

ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಕೂಡ ಎಚ್ಚರದಿಂದಿರಬೇಕು. ಮುಖದ ಒಂದೇ ಬದಿಯ ನೋವು, ಕೆನ್ನೆ ಮರಗಟ್ಟುವುದು, ಮೂಗಿನಲ್ಲಿ ಕಪ್ಪು ಹಕ್ಕಳೆ, ಮೇಲಿನ ಹಲ್ಲು ಅಲುಗಾಡುವುದು, ಒಂದು ವಸ್ತು ಎರಡಾಗಿ ಕಾಣುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಬನ್ನಿ. ಸತ್ತ ಭಾಗವನ್ನು ತೆಗೆದು ಆಂಫೊಟೆರಿಸಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಡುತ್ತೇವೆ. ಜೊತೆಗೆ ಸಕ್ಕರೆಯನ್ನು ಇಳಿಸದಿದ್ದರೆ ಔಷಧವೊಂದರಿಂದಲೇ ಫಲ ಸಿಗದು.

ನನಗೆ ಕೊಟ್ಟ ಸಮಯ ಮುಗಿಯುತ್ತಿದೆ. ಆರೋಗ್ಯವಂತರ ಸೈನಸ್‌ನಲ್ಲಿ ಉಂಡೆಯಾಗಿ ಕೂರುವ ಬೂಷ್ಟು, ಯುವಜನರ ಮೂಗಿನಲ್ಲಿ ಅಲರ್ಜಿಯಿಂದ ದುರ್ಮಾಂಸ ಬೆಳೆಸುವ ಬೂಷ್ಟು ಎಂಬ ಇನ್ನೆರಡು ಬಗೆಗಳಿವೆ. ಇವು ನಿಧಾನದ ಕಾಯಿಲೆಗಳು, ದುರ್ಬೀನಿನ ಶಸ್ತ್ರಚಿಕಿತ್ಸೆಯಿಂದ ಹತೋಟಿಗೆ ಬರುತ್ತವೆ; ವರ್ಷಗಟ್ಟಲೆ ಮೂಗು ಕಟ್ಟಿಕೊಂಡು ವಾಸನೆ ತಿಳಿಯದವರು ಒಮ್ಮೆ ತೋರಿಸಿಕೊಳ್ಳಿ. ನಮಸ್ಕಾರ.