ತೆರೆ ಸರಿಯುವ ಮೊದಲು

ಕೇಳುಗರೇ, ನಮಸ್ಕಾರ.

ಮಳೆಗಾಲದಲ್ಲಿ ನಮ್ಮ ಕಾರವಾರ, ಶಿರಸಿ ಕಡೆ ಬೇಗ ಕತ್ತಲಾಗುತ್ತದೆ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಇಂಥ ಹೊತ್ತಿಗೆ ಹೇಳಿ ಮಾಡಿಸಿದ ಸಿನಿಮಾಗಳ ಬಗ್ಗೆ ಇವತ್ತು ಮಾತಾಡೋಣ. ಪಾಳು ಬಂಗಲೆ, ಮಂಜು, ಕೈಯಲ್ಲೊಂದು ದೀಪ, ಯಾರೋ ಮುಚ್ಚಿಟ್ಟ ಹಳೆಯ ಪಾಪ. ಗಾಥಿಕ್ ಹಾರರ್ ಎನ್ನುತ್ತಾರೆ ಇವನ್ನು.

‘ಇದರಲ್ಲಿ ಹೆದರೋದೇನಿದೆ?’ ಅಂತ ಈಗಿನ ಹುಡುಗರು ಕೇಳುತ್ತಾರೆ. ಇದೆ. ದೆವ್ವ ಬರುವ ಮೊದಲು ನಮ್ಮನ್ನು ಕಾಯಿಸುತ್ತಾರಲ್ಲ, ಅದರಲ್ಲಿದೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ರಾಕ್ಷಸ ಪಾತ್ರದ ಬಣ್ಣದ ವೇಷ ಸುಮ್ನೆ ಬಂದು ರಂಗದಲ್ಲಿ ನಿಲ್ಲುವುದಿಲ್ಲ. ಮೊದಲು ಅಬ್ಬರ ಕೇಳುತ್ತದೆ. ಚಂಡೆ ಏರುತ್ತದೆ. ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಮುಳ್ಳಿನಂಥ ಚುಕ್ಕಿಗಳ ಚಿಟ್ಟಿ ಇಟ್ಟ ಆ ಮುಖ ಪೂರ್ತಿ ಕಾಣುವಷ್ಟರಲ್ಲಿ ಮಕ್ಕಳು ಅಮ್ಮನ ಸೆರಗು ಹಿಡಿದಾಗಿರುತ್ತದೆ.

1931ರ ‘ಫ್ರಾಂಕೆನ್‌ಸ್ಟೈನ್’ ನೋಡಿ. ದೈತ್ಯನ ಪಾತ್ರದ ಬೋರಿಸ್ ಕಾರ್ಲಾಫ್ ಬಾಗಿಲಿನಿಂದ ಹಿಮ್ಮುಖವಾಗಿ ಬರುತ್ತಾರೆ. ಬೆನ್ನು ಮಾತ್ರ ಕಾಣುತ್ತದೆ. ನಿಧಾನಕ್ಕೆ ತಿರುಗುತ್ತಾರೆ. ಕ್ಯಾಮೆರಾ ಮುಖದ ಹತ್ತಿರ, ಇನ್ನೂ ಹತ್ತಿರ ಹೋಗುತ್ತದೆ. ಜ್ಯಾಕ್ ಪಿಯರ್ಸ್ ಆ ಮುಖಕ್ಕೆ ಬಣ್ಣ ಹಚ್ಚಲು ಕೂಡ ಗಂಟೆಗಟ್ಟಲೆ ಹಿಡಿಯುತ್ತಿತ್ತು.

ಬ್ರಿಟನ್ನಿನ ಹ್ಯಾಮರ್ ಕಂಪನಿ 1958ರಲ್ಲಿ ‘ಡ್ರಾಕುಲಾ’ ತೆಗೆಯಿತು. ರಕ್ತ ಹೀರುವ ಡ್ರಾಕುಲಾನ ಪಾತ್ರದ ಕ್ರಿಸ್ಟೋಫರ್ ಲೀ ಮೆಟ್ಟಿಲ ಮೇಲೆ ಮೊದಲು ಕಪ್ಪು ಆಕೃತಿಯಾಗಿ ನಿಲ್ಲುತ್ತಾರೆ. ಇನ್ನೇನು ಕಾದಿದೆಯೋ ಎನ್ನುವಷ್ಟರಲ್ಲಿ ಇಳಿದು ಬಂದು ಅತಿಥಿಯನ್ನು ಮರ್ಯಾದೆಯಿಂದ ಮಾತಾಡಿಸುತ್ತಾರೆ. ನನಗೆ ಕೋರೆಹಲ್ಲಿಗಿಂತ ಆ ಮರ್ಯಾದೆಯೇ ಜಾಸ್ತಿ ಭಯ ಹುಟ್ಟಿಸುತ್ತದೆ. ಆ ಅತಿಥಿಯ ಜೊತೆ ಆಡಿದ್ದೇ ಮಾತು. ಆಮೇಲೆ ಸಿನಿಮಾ ಮುಗಿಯುವವರೆಗೂ ಅವರ ಬಾಯಿಂದ ಒಂದು ಮಾತಿಲ್ಲ! ತೆರೆಯ ಮೇಲೆ ಇರುವುದೂ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಎಲ್ಲಿದ್ದಾನೆ, ಯಾವಾಗ ಬರುತ್ತಾನೆ ಎಂದು ನಾವೇ ಹುಡುಕುತ್ತಿರುತ್ತೇವೆ.

ಹ್ಯಾಮರ್‌ನವರ ಬಳಿ ದುಡ್ಡು ಕಮ್ಮಿ. ಒಂದೇ ಸೆಟ್ಟಿಗೆ ಬಣ್ಣ ಬದಲಿಸಿ, ಗೋಡೆ ಸರಿಸಿ ಇನ್ನೊಂದು ಸಿನಿಮಾಕ್ಕೂ ಬಳಸುತ್ತಿದ್ದರು. ನೋಡುವವರಿಗೆ ಅದು ಗೊತ್ತಾಗದಂತೆ ಮಾಡಿದ ಅವರ ಕೈಚಳಕವನ್ನು ಮೆಚ್ಚಲೇಬೇಕು.

ನಮ್ಮ ದೇಶದ್ದು ಹೇಳುವುದಾದರೆ, 1949ರ ‘ಮಹಲ್’. ಕಮಾಲ್ ಅಮ್ರೋಹಿ ನಿರ್ದೇಶನ. ಆ ನೆರಳು ಬೆಳಕು ಜರ್ಮನಿಯಿಂದ ಬಂದ ಕ್ಯಾಮೆರಾಮನ್ ಯೋಸೆಫ್ ವಿರ್ಶಿಂಗ್ ಅವರದ್ದು. ‘ಆಯೇಗಾ ಆನೇವಾಲಾ’ ಹಾಡು ದೂರದಿಂದ ಶುರುವಾಗಿ ಹತ್ತಿರ ಬರುತ್ತದೆ. ಅದಕ್ಕಾಗಿ ಲತಾ ಮಂಗೇಶ್ಕರ್ ದೂರ ನಿಂತು, ಹಾಡುತ್ತ ಮೈಕಿನ ಕಡೆ ನಡೆದು ಬಂದರಂತೆ. ರೆಕಾರ್ಡಿನ ಮೇಲೆ ಅವರ ಹೆಸರಿರಲಿಲ್ಲ, ಪಾತ್ರದ ಹೆಸರು ‘ಕಾಮಿನಿ’ ಎಂದಷ್ಟೇ ಇತ್ತು. ಹಾಡುವವರು ಯಾರೆಂದು ಕೇಳುಗರು ರೇಡಿಯೋಕ್ಕೆ ಕಾಗದ ಬರೆದು ಕೇಳಿದರು. ಭಯ ಕಿವಿಯಿಂದಲೂ ಒಳಗೆ ಇಳಿಯುತ್ತದೆ ಎಂದು ರೇಡಿಯೋ ಕೇಳುವ ನಿಮಗೆ ನಾನು ಹೇಳಬೇಕೇ?

ಕನ್ನಡದಲ್ಲಿ ನೋಡಬೇಕೆಂದರೆ ಅನಂತನಾಗ್, ಲಕ್ಷ್ಮಿ ಅಭಿನಯದ 1979ರ ‘ನಾ ನಿನ್ನ ಬಿಡಲಾರೆ’ ಇದೆ. ಆದರೆ ಮೊದಲ ಸಲ ನೋಡುವವರು ‘ಮಹಲ್’ನಿಂದಲೇ ಶುರು ಮಾಡಿ. ಮೊಬೈಲು ಬೇರೆ ಕೋಣೆಯಲ್ಲಿಡಿ. ನಿಧಾನ ಆಯ್ತು ಅಂತ ಓಡಿಸಬೇಡಿ. ಮಹಲಿನ ಬಾಗಿಲು ತೆರೆಯಲು ಎಷ್ಟು ಹೊತ್ತು ಬೇಕೋ, ಅಷ್ಟು ಹೊತ್ತು ಕೊಡಿ.