ಒಂದೇ ಅಡ್ರೆಸ್, ನಾಲ್ಕು ಸೆನ್ಸರ್: ಐ-ಟು-ಸಿ ಸ್ವಿಚ್ ಬಳಸೋದು ಹೇಗೆ?

[ಪರದೆ: ಅಣಬೆ ಚೀಲಗಳ ರ‍್ಯಾಕ್. ನಾಲ್ಕು ಅಂತಸ್ತು, ಪ್ರತಿಯೊಂದಕ್ಕೂ ಒಂದು ಪುಟ್ಟ ಸೆನ್ಸರ್]

ನಮಸ್ಕಾರ. ಈ ರ‍್ಯಾಕಿನ ಪ್ರತಿ ಅಂತಸ್ತಿನ ತೇವಾಂಶ ಅಳೆಯಬೇಕು. ಅದಕ್ಕೇ ನಾಲ್ಕು ಎಎಚ್‌ಟಿ20 ಸೆನ್ಸರ್ ತಂದೆ. ಇವು ಮಾತಾಡೋದು ಐ-ಟು-ಸಿ ಬಸ್ಸಿನಲ್ಲಿ, ಅಂದರೆ ಹಲವು ಚಿಪ್‌ಗಳು ಹಂಚಿಕೊಳ್ಳುವ ಎರಡು ವೈರ್‌ಗಳಲ್ಲಿ. ಅಲ್ಲಿ ಒಂದೊಂದನ್ನೂ ಅದರ ಅಡ್ರೆಸ್ ಹಿಡಿದು ಕರೆಯಬೇಕು. ನಾಲ್ಕರದ್ದೂ ಅಡ್ರೆಸ್ ಒಂದೇ: ಹೆಕ್ಸ್ (16ರ ಲೆಕ್ಕದ ಅಂಕಿ) 38. ಬದಲಾಯಿಸೋಕೆ ದಾರಿಯಿಲ್ಲ. ಕ್ಲಾಸಲ್ಲಿ ನಾಲ್ಕು ಜನ ಮಂಜುನಾಥ ಇದ್ದು, ಮೇಷ್ಟ್ರು ಹಾಜರಿ ಕೂಗಿದ ಹಾಗೆ. ನಾಲ್ವರೂ ಒಟ್ಟಿಗೆ "ಎಸ್ ಸಾರ್" ಅಂತಾರೆ.

[ಪರದೆ: ಟಿಸಿಎ9548ಎ ಮಾಡ್ಯೂಲ್ ಹತ್ತಿರದಿಂದ]

ಪರಿಹಾರ ಈ ಚಿಪ್, ಟಿಸಿಎ9548ಎ. ಒಂದು ಬದಿಗೆ ಮೈಕ್ರೊಕಂಟ್ರೋಲರ್, ಇನ್ನೊಂದು ಬದಿಗೆ 8 ಚಾನೆಲ್. ಇದರ ಸ್ವಂತ ಅಡ್ರೆಸ್ ಹೆಕ್ಸ್ 70. ಮೂರು ಪಿನ್‌ ಜೋಡಣೆ ಬದಲಿಸಿ 77ರವರೆಗೆ ಒಯ್ಯಬಹುದು. ಬೋರ್ಡಲ್ಲಿ ಗಾಳಿಯ ಒತ್ತಡ ಅಳೆಯುವ ಬಿಎಂಪಿ280 ಸೆನ್ಸರ್ ಇದ್ದರೆ ಹುಷಾರು, ಅದು 76 ಅಥವಾ 77ರಲ್ಲಿ ಕೂತಿರುತ್ತದೆ.

ಇದನ್ನು ಎಲ್ಲರೂ ಮಕ್ಸ್ (ಮಲ್ಟಿಪ್ಲೆಕ್ಸರ್, ಹಲವು ದಾರಿಗಳಲ್ಲಿ ಒಂದನ್ನು ಆರಿಸುವ ಚಿಪ್) ಅಂತಾರೆ. ನಾನೂ ಹಾಗೇ ಅಂದುಕೊಂಡು ಸಂಜೆಯೆಲ್ಲ ಕಳೆದೆ. ಚಾನೆಲ್ ನಂಬರ್ ಅಂತ 0, 1, 2, 3 ಕಳಿಸಿದೆ. ಮೊದಲ ಸೆನ್ಸರ್ ಕಾಣಲೇ ಇಲ್ಲ. ನಾಲ್ಕನೆಯದು ಏನೇನೋ ಅಂಕಿ ಕೊಟ್ಟಿತು. ವೈರ್ ಲೂಸಾಗಿದೆ ಅಂತ ಮತ್ತೆ ಸಾಲ್ಡರ್ ಬೇರೆ ಮಾಡಿದೆ!

[ಪರದೆ: ಎಂಟು ಬಿಟ್‌ಗಳು, ಕೊನೆಯ ಎರಡು ಬೆಳಗುತ್ತವೆ]

ನಿಜಕ್ಕೂ ಇದು ಸ್ವಿಚ್. ಕಳಿಸುವ ಬೈಟಿನಲ್ಲಿ ಒಂದೊಂದು ಬಿಟ್ಟೂ ಒಂದೊಂದು ಬಾಗಿಲು. 0 ಕಳಿಸಿದರೆ ಎಲ್ಲ ಬಾಗಿಲೂ ಬಂದ್. 3 ಅಂದರೆ ಕೊನೆಯ ಎರಡು ಬಿಟ್ 1, ಅಂದರೆ ಚಾನೆಲ್ 0 ಮತ್ತು 1 ಎರಡೂ ಓಪನ್. ಇಬ್ಬರು ಮಂಜುನಾಥರೂ ಒಟ್ಟಿಗೆ ಮಾತಾಡಿದರು. ಈ ಬಸ್ಸಿನಲ್ಲಿ ಯಾರಾದರೂ ಒಬ್ಬರು ಲೈನ್ ಕೆಳಗೆಳೆದರೂ 0 ಗೆಲ್ಲುತ್ತದೆ. ಹಾಗಾಗಿ ಎರಡು ಅಳತೆ ಕಲಸಿಹೋಗಿ ಬಂದಿತ್ತು. ಸೆನ್ಸರ್ ಕಳಿಸುವ ಸಿಆರ್‌ಸಿ, ಅಂದರೆ ಡೇಟಾ ಸರಿಯಿದೆಯಾ ಅಂತ ತಾಳೆ ನೋಡುವ ಬೈಟ್, ನೋಡಿದ್ದರೆ ಆಗಲೇ ಸಿಕ್ಕಿಬೀಳುತ್ತಿತ್ತು, ನಾನು ನೋಡಿರಲಿಲ್ಲ.

ಕಳಿಸಬೇಕಿದ್ದದ್ದು 1, 2, 4, 8. ಕೋಡಲ್ಲಿ 1ನ್ನು ಚಾನೆಲ್ ನಂಬರಿನಷ್ಟು ಎಡಕ್ಕೆ ಸರಿಸಿದರೆ ಸಾಕು.

ನಿಜವಾದ ಮಕ್ಸ್ ಬೇಕಾದರೆ ಪಿಸಿಎ9547 ಇದೆ. ಅದು ಒಂದು ಸಲಕ್ಕೆ ಒಂದೇ ಬಾಗಿಲು ತೆಗೆಯೋದು.

ತೆರೆದ ಚಾನೆಲ್‌ನ ವೈರ್ ಕೂಡ ಬಸ್ಸಿನ ಲೆಕ್ಕಕ್ಕೇ ಸೇರುತ್ತದೆ. ಕೆಪಾಸಿಟೆನ್ಸಿನ ಮಿತಿ 400 ಪಿಕೊಫ್ಯಾರಡ್, ಸುಮ್ನೆ ಎಲ್ಲವನ್ನೂ ತೆರೆದಿಡಬೇಡಿ. ಪ್ರತಿ ಚಾನೆಲ್‌ಗೂ ಪುಲ್-ಅಪ್ ರೆಸಿಸ್ಟರ್ (ಯಾರೂ ಕೆಳಗೆಳೆಯದಾಗ ಲೈನನ್ನು ಮೇಲೆ ಹಿಡಿಯುವುದು) ಇದೆಯಾ ನೋಡಿಕೊಳ್ಳಿ.

[ಪರದೆ: ರಿಸೆಟ್ ಪಿನ್ ಮೇಲೆ ಬಾಣ]

ಈ ಪಿನ್‌ನ ನಾನು 3.3 ವೋಲ್ಟಿಗೆ ಕಟ್ಟಿ ಮರೆತಿದ್ದೆ. ಒಂದು ದಿನ ಒಂದು ಸೆನ್ಸರ್ ಡೇಟಾ ಲೈನನ್ನು ಕೆಳಗೆ ಹಿಡಿದುಕೊಂಡು ಕೂತುಬಿಟ್ಟಿತು. ಇಡೀ ಬಸ್ ನಿಂತಿತು. ಬಾಗಿಲು ಮುಚ್ಚು ಅನ್ನೋ ಆದೇಶವೂ ಅದೇ ಲೈನಲ್ಲೇ ಹೋಗಬೇಕಲ್ವಾ? ಈಗ ಆ ಪಿನ್ ಕಂಟ್ರೋಲರಿನ ಒಂದು ಔಟ್‌ಪುಟ್‌ಗೆ ಹೋಗಿದೆ. ಉತ್ತರ ಬರದಿದ್ದರೆ ಅದನ್ನು ಒಮ್ಮೆ ಕೆಳಗೆಳೆದು ಬಿಡುತ್ತೇನೆ, ಎಂಟೂ ಬಾಗಿಲು ಮುಚ್ಚುತ್ತವೆ. ಆಮೇಲೆ ಕೆಟ್ಟ ಸೆನ್ಸರಿನ ಬಾಗಿಲು ಬಿಟ್ಟು ಮಿಕ್ಕವನ್ನು ತೆರೆದರೆ, ಉಳಿದ ಮೂರು ಅಂತಸ್ತಿನ ಅಳತೆ ಬರುತ್ತಲೇ ಇರುತ್ತದೆ.